ಬಿಸಿಲ ಸೀಮೆಯಲ್ಲಿ ಕೂಸಿನ ಜೊತೆ ಪ್ರಯಾಣ: ಯಾವ ಸಾಮಾನಿಗೆ ದುಡ್ಡು ಹಾಕಬೇಕು, ಯಾವುದಕ್ಕೆ ಬೇಡ

ಮಕ್ಕಳ ಪ್ರಯಾಣಕ್ಕೆಂದು ಮಾರುವ ಸಾಮಾನಿನಲ್ಲಿ ಬಹುಪಾಲು ಎಸಿ ಕಾರು, ಎಸಿ ಮಾಲು, ನುಣುಪಾದ ಫುಟ್‌ಪಾತು ಇರುವ ಊರುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದವು. ಬಳ್ಳಾರಿ, ರಾಯಚೂರು, ಕೊಪ್ಪಳದ ಲೆಕ್ಕವೇ ಬೇರೆ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಹೋಗುವುದು ಕೆಂಪು ಬಸ್ಸಿನಲ್ಲಿ, ಟಂಟಂ ಎನ್ನುವ ದೊಡ್ಡ ಆಟೋದಲ್ಲಿ, ಕ್ರೂಸರ್ ಜೀಪಿನಲ್ಲಿ, ಬೈಕಿನಲ್ಲಿ. ಇಳಿಯುವುದು ಹುಲಿಗಿಯ ಜಾತ್ರೆಯಲ್ಲೋ, ಅಂಜನಾದ್ರಿಯ ಮೆಟ್ಟಿಲ ಬುಡದಲ್ಲೋ, ರಾಯಚೂರು ಕೋಟೆಯ ಬಂಡೆಗಳ ನಡುವೆಯೋ. ಆದ್ದರಿಂದ ಪ್ರತಿ ಸಾಮಾನಿಗೂ ಮೂರೇ ಪ್ರಶ್ನೆ ಹಾಕಿ ನೋಡಿದ್ದೇವೆ. ಅದರಲ್ಲಿ ಗಾಳಿ ಆಡುತ್ತದೆಯೇ? ತೊಳೆದರೆ ಬೇಗ ಒಣಗುತ್ತದೆಯೇ? ಬಿಸಿಲಿಗೆ ಕಾದಾಗ ಏನಾಗುತ್ತದೆ? ಬಣ್ಣ, ಜೇಬು, ಚಂದದ ಡಬ್ಬಿ ಎಲ್ಲ ಆಮೇಲಿನ ಮಾತು.

ಕಂಪನಿಗಳ ಹೆಸರು ಹೇಳುತ್ತಿಲ್ಲ. ಒಂದೇ ಮಾದರಿ ಹತ್ತು ಹೆಸರಿನಲ್ಲಿ ಸಿಗುತ್ತದೆ. ಮಾದರಿ ಗುರುತು ಹಿಡಿಯಲು ಬಂದರೆ ಸಾಕು.

ಕೂಸನ್ನು ಮೈಗೆ ಕಟ್ಟಿಕೊಳ್ಳುವ ಕ್ಯಾರಿಯರ್

ನಾಲ್ಕು ಬಗೆ ಸಿಗುತ್ತವೆ. ನಾಲ್ಕೈದು ಮೀಟರ್ ಉದ್ದದ, ಎಳೆದರೆ ಹಿಗ್ಗುವ ಬಟ್ಟೆಯ ಸ್ಟ್ರೆಚ್ ವ್ರ್ಯಾಪ್. ಹೆಗಲ ಬಳಿ ಎರಡು ಬಳೆಗಳಲ್ಲಿ ಬಟ್ಟೆ ತೂರಿಸುವ ರಿಂಗ್ ಸ್ಲಿಂಗ್. ಸೊಂಟಕ್ಕೂ ಹೆಗಲಿಗೂ ಬಕಲ್ ಇರುವ ಕ್ಯಾರಿಯರ್. ಸೊಂಟಕ್ಕೆ ಫೋಮಿನ ಪೀಠ ಬಿಗಿದುಕೊಳ್ಳುವ ಹಿಪ್ ಸೀಟ್.

ಸ್ಟ್ರೆಚ್ ವ್ರ್ಯಾಪ್ ನಮ್ಮ ಬೇಸಿಗೆಗೆ ಬೇಡವೇ ಬೇಡ. ಕಟ್ಟುವ ಕ್ರಮದಲ್ಲಿಯೇ ಕೂಸಿನ ಬೆನ್ನ ಮೇಲೆ ಮೂರು ಪದರ ಬಟ್ಟೆ ಬರುತ್ತದೆ. ಕೂಸಿನ ಎದೆ ನಿಮ್ಮ ಎದೆಗೆ ಅಂಟಿರುತ್ತದೆ, ಬೆನ್ನಿಗೆ ಮೂರು ಪದರ, ಹೊರಗೆ 40 ಡಿಗ್ರಿ. ಮೈ ಕಾವು ಹೊರಹೋಗಲು ದಾರಿಯೇ ಉಳಿಯುವುದಿಲ್ಲ. ಡಿಸೆಂಬರ್, ಜನವರಿಯ ಮುಂಜಾನೆಗೆ ಚೆನ್ನ. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆ ಜನವರಿಯಲ್ಲಿ ಬರುವುದರಿಂದ ಆ ಚಳಿಯಲ್ಲಿ ಸಣ್ಣ ಕೂಸಿಗೆ ಇದು ಹಿತವಾಗಿಯೇ ಇರುತ್ತದೆ. ವರ್ಷದ ಉಳಿದ ದಿನಗಳಿಗೆ ದುಡ್ಡು ದಂಡ.

ರಿಂಗ್ ಸ್ಲಿಂಗಿನಲ್ಲಿ ಒಂದೇ ಪದರ ಬಟ್ಟೆ. ತೆಳ್ಳನೆಯ ಹತ್ತಿ ಅಥವಾ ಲಿನನ್ ಆದರೆ ನೀರಲ್ಲಿ ಅದ್ದಿ ಹಿಂಡಿ ಹಾಕಿದ ಸ್ವಲ್ಪ ಹೊತ್ತಿಗೇ ಒಣಗುತ್ತದೆ. ಬಾಲದ ಹಾಗೆ ಜೋತು ಬಿದ್ದ ತುದಿ ಹಾಲು ಕುಡಿಸುವಾಗ ಮರೆಗೆ ಬರುತ್ತದೆ, ಬಿಸಿಲಿಗೆ ನೆರಳೂ ಆಗುತ್ತದೆ. ಬಳೆಗಳು ಒಂದೇ ತುಂಡಾಗಿ, ಎಲ್ಲೂ ಜೋಡಣೆಯ ಗೆರೆ ಇಲ್ಲದಂತಿರಬೇಕು. ಉಗುರಿನಿಂದ ಸುತ್ತಲೂ ಸವರಿದರೆ ಗೊತ್ತಾಗುತ್ತದೆ. ಪ್ಲಾಸ್ಟಿಕ್ ಬಳೆ ಇದ್ದರೆ ಅಲ್ಲಿಯೇ ಬಿಟ್ಟು ಬನ್ನಿ. ಲೋಹದ ಬಳೆ ಬಿಸಿಲಿಗೆ ಸುಡುತ್ತದೆ, ಅದರ ಮೇಲೆ ಬಟ್ಟೆಯ ತುದಿ ಹೊದಿಸಿರಬೇಕು. ಇದರ ಮಿತಿ ಇಷ್ಟೇ: ಭಾರವೆಲ್ಲ ಒಂದೇ ಹೆಗಲಿಗೆ. ಕೂಸು ಒಂಬತ್ತು, ಹತ್ತು ಕಿಲೋ ದಾಟಿತೆಂದರೆ ಬಸ್‌ಸ್ಟ್ಯಾಂಡಿನಿಂದ ಟಂಟಂವರೆಗೆ ಸರಿ, ಗುಡ್ಡಕ್ಕೆ ಅಲ್ಲ.

ಬಕಲ್ ಕ್ಯಾರಿಯರ್‌ನಲ್ಲಿ ಬೆನ್ನಿನ ಭಾಗ ಜಾಲರಿ ಬಟ್ಟೆಯದಾಗಿದ್ದರೆ ಮಾತ್ರ ತೆಗೆದುಕೊಳ್ಳಿ. ಇಲ್ಲಿ ಒಂದು ಮೋಸ ಇದೆ. ಹೊರಗಿನಿಂದ ಜಾಲರಿ ಕಾಣುತ್ತದೆ, ಒಳಗೆ ತೆಳುವಾದ ಫೋಮ್ ಹಾಳೆಯೋ ಪಾಲಿಯೆಸ್ಟರ್ ಅಸ್ತರೋ ಹೊಲಿದಿರುತ್ತಾರೆ. ಬೆನ್ನಿನ ಭಾಗವನ್ನು ಬಾಯಿಗೆ ಹಿಡಿದು ಊದಿ, ಇನ್ನೊಂದು ಕೈಯನ್ನು ಆಚೆ ಬದಿಗೆ ಇಟ್ಟು ನೋಡಿ. ಉಸಿರು ಅಂಗೈಗೆ ತಾಗಿದರೆ ಅದು ನಿಜವಾದ ಜಾಲರಿ. ತಾಗದಿದ್ದರೆ ಕೂಸಿನ ಬೆನ್ನಿಗೆ ಬೆವರುಸಾಲೆ ಖಂಡಿತ.

ಎರಡನೆಯದಾಗಿ ನೋಡಬೇಕಾದ್ದು ತೊಡೆಯ ಅಗಲ. ಕೂಸಿನ ಒಂದು ಮಂಡಿಯಿಂದ ಇನ್ನೊಂದು ಮಂಡಿಯವರೆಗೂ ಬಟ್ಟೆಯ ಆಸರೆ ಇರಬೇಕು, ಮಂಡಿಗಳು ಕುಂಡಿಗಿಂತ ತುಸು ಮೇಲಿರಬೇಕು. ಕಾಲು ನೇರ ಕೆಳಗೆ ಜೋತು ಬಿದ್ದರೆ ಸೊಂಟದ ಕೀಲಿಗೆ ಒಳ್ಳೆಯದಲ್ಲ, ತೊಡೆಸಂದಿಗೆ ಅಂಚು ಒತ್ತಿ ಚರ್ಮವೂ ಕೆಂಪಾಗುತ್ತದೆ. ಮೂರನೆಯದು ಗದ್ದ. ಕೂಸಿನ ಗದ್ದಕ್ಕೂ ಎದೆಗೂ ನಡುವೆ ಎರಡು ಬೆರಳು ಹಿಡಿಯುವಷ್ಟು ಜಾಗ ಇರಲೇಬೇಕು, ಮುಖ ನಿಮಗೆ ಸದಾ ಕಾಣುತ್ತಿರಬೇಕು, ಬಗ್ಗಿದರೆ ನೆತ್ತಿಗೆ ಮುತ್ತು ಕೊಡುವಷ್ಟು ಎತ್ತರದಲ್ಲಿರಬೇಕು. ಸಣ್ಣ ಕೂಸು ನಿದ್ದೆಯಲ್ಲಿ ಮುದುಡಿ ಗದ್ದ ಎದೆಗೆ ಒತ್ತಿದರೆ ಉಸಿರಿನ ದಾರಿ ಕಟ್ಟಿಕೊಳ್ಳುತ್ತದೆ. ಬಿಸಿಲಿಗೆಂದು ಸೆರಗನ್ನೋ ದುಪಟ್ಟಾವನ್ನೋ ಮುಖದ ಮೇಲೆ ಪೂರ್ತಿ ಎಳೆದುಬಿಡುವುದು ನಮ್ಮಲ್ಲಿ ಬಹಳ ಕಾಣುವ ತಪ್ಪು. ನೆರಳು ಬೇಕಾದರೆ ಛತ್ರಿ ಹಿಡಿಯಿರಿ.

ಹಿಪ್ ಸೀಟು ಬಸ್ಸು ಕಾಯುವಾಗ, ಊಟದ ಸಾಲಿನಲ್ಲಿ ನಿಂತಾಗ, ಇಳಿಸು ಎತ್ತು ಎಂದು ಹಟ ಹಿಡಿಯುವ ಒಂದೂವರೆ ವರ್ಷದ ಮಗುವಿಗೆ ಅನುಕೂಲ. ಆದರೆ ಸೊಂಟದ ಪಟ್ಟಿಯ ದಪ್ಪ ಫೋಮು ಬೆವರು ಕುಡಿದು ಒದ್ದೆಯಾಗಿಯೇ ಇರುತ್ತದೆ, ಒಂದು ರಾತ್ರಿಗೆ ಒಣಗುವುದಿಲ್ಲ, ಎರಡನೇ ದಿನಕ್ಕೆ ವಾಸನೆ. ಮೆಟ್ಟಿಲ ಮೇಲಂತೂ ಕೆಟ್ಟದ್ದು, ಏಕೆಂದರೆ ಪೀಠ ಮುಂದೆ ಚಾಚಿಕೊಂಡು ನಿಮ್ಮ ಪಾದವೇ ನಿಮಗೆ ಕಾಣುವುದಿಲ್ಲ.

ಅಂಜನಾದ್ರಿಗೆ 575 ಮೆಟ್ಟಿಲು. ಹತ್ತುವಾಗ ಕೂಸು ಮುಂದಿದ್ದರೂ ನಡೆಯುತ್ತದೆ, ತೊಂದರೆ ಇಳಿಯುವಾಗ. ಮುಂದೆ ಕಟ್ಟಿಕೊಂಡವರಿಗೆ ಮುಂದಿನ ಮೆಟ್ಟಿಲಿನ ಅಂಚು ಮರೆಯಾಗುತ್ತದೆ. ತಾನಾಗಿಯೇ ಕುಳಿತುಕೊಳ್ಳಲು ಬರುವ, ಕುತ್ತಿಗೆ ಗಟ್ಟಿಯಾದ ಮಗುವಾದರೆ ಬೆನ್ನಿಗೆ ಹಾಕಿಕೊಂಡು ಇಳಿಯಿರಿ. ಅದಕ್ಕಿಂತ ಸಣ್ಣ ಕೂಸಿದ್ದರೆ ಒಬ್ಬರು ಕೆಳಗೇ ನೆರಳಲ್ಲಿ ಉಳಿಯುವುದು ಲೇಸು. ಬೆಳಿಗ್ಗೆ ಏಳೂವರೆಯೊಳಗೆ ಹತ್ತಲು ಶುರು ಮಾಡಿ. ಒಂಬತ್ತು ದಾಟಿದರೆ ಬಂಡೆಯೇ ಕಾವು ಬಿಡಲು ಶುರು ಮಾಡುತ್ತದೆ. ಇಪ್ಪತ್ತು, ಮೂವತ್ತು ನಿಮಿಷಕ್ಕೊಮ್ಮೆ ಕೂಸನ್ನು ಬಿಚ್ಚಿ ಇಳಿಸಿ, ಬೆನ್ನು ಒರೆಸಿ, ಹಾಲು, ಆರು ತಿಂಗಳು ದಾಟಿದ್ದರೆ ನೀರನ್ನೂ ಕೊಟ್ಟು ಮತ್ತೆ ಕಟ್ಟಿಕೊಳ್ಳಿ.

ಒಗೆಯುವುದನ್ನೂ ಹೇಳಿಬಿಡಬೇಕು. ಬೆವರಿನ ಉಪ್ಪು ಪಟ್ಟಿಗಳ ನೇಯ್ಗೆಯಲ್ಲಿ ಬಿಳಿ ಗೆರೆಯಾಗಿ ಕೂರುತ್ತದೆ, ಪಟ್ಟಿ ಬಿರುಸಾಗಿ ಬಕಲಿನಲ್ಲಿ ಸರಾಗವಾಗಿ ಸರಿಯುವುದಿಲ್ಲ. ಎಳೆದದ್ದು ಬಿಗಿಯಾಗಿದೆ ಎಂದು ನಾವು ತಿಳಿಯುತ್ತೇವೆ, ನಡೆಯುತ್ತ ನಡೆಯುತ್ತ ಸಡಿಲವಾಗುತ್ತದೆ. ದಿನಕ್ಕೊಮ್ಮೆ ಪಟ್ಟಿಗಳನ್ನಾದರೂ ಬರೀ ನೀರಲ್ಲಿ ಜಾಲಿಸಿ ನೆರಳಲ್ಲಿ ಒಣಗಿಸಿ. ಕಟ್ಟೆಯ ಮೇಲೆ ಬಿಸಿಲಿಗೆ ಇಟ್ಟರೆ ಪ್ಲಾಸ್ಟಿಕ್ ಬಕಲು ಕಾಲಕ್ರಮದಲ್ಲಿ ಪೆಡಸಾಗಿ ಬಿರುಕು ಬಿಡುತ್ತದೆ.

ಹಳೆಯ ಹತ್ತಿ ಸೀರೆಯ ಜೋಳಿಗೆಗೆ ಈ ಅಂಗಡಿ ಸಾಮಾನು ಯಾವುದೂ ಸಾಟಿಯಲ್ಲದ ಒಂದು ಕೆಲಸ ಇದೆ: ಮಧ್ಯಾಹ್ನದ ನಿದ್ದೆ. ಬೇವಿನ ಮರದ ನೆರಳಲ್ಲಿ ಮಂಡಿಯೆತ್ತರಕ್ಕೆ ಕಟ್ಟಿ, ಪಕ್ಕದಲ್ಲೊಬ್ಬರು ಕೂತರೆ ಕೂಸಿಗೆ ಎಲ್ಲ ಕಡೆಯಿಂದಲೂ ಗಾಳಿ. ಓಡುವ ರೈಲಿನಲ್ಲಿ ಬರ್ತಿನ ಸರಪಳಿಗೆ ಕಟ್ಟುವುದು ಮಾತ್ರ ಬೇಡ. ಬ್ರೇಕು ಹಾಕಿದಾಗ ಜೋಳಿಗೆ ತೂಗಿ ಕಬ್ಬಿಣಕ್ಕೆ ಬಡಿಯುತ್ತದೆ.

ಸ್ಟ್ರಾಲರ್ ಬಗ್ಗೆ ಹೆಚ್ಚು ಹೇಳಲು ಏನಿಲ್ಲ. ಸಣ್ಣ ಗಾಲಿಯದು ಜಲ್ಲಿಯಲ್ಲಿ, ಚರಂಡಿ ಚಪ್ಪಡಿಯಲ್ಲಿ, ಕೋಟೆಯ ಹಾಸುಗಲ್ಲಿನಲ್ಲಿ ಸಿಕ್ಕಿಕೊಳ್ಳುತ್ತದೆ, ದೊಡ್ಡ ಗಾಲಿಯದು ಟಂಟಂನಲ್ಲಿ ಹಿಡಿಯುವುದಿಲ್ಲ. ಕೂಸು ಕೂರುವ ಎತ್ತರ ನೆಲಕ್ಕೆ ಹತ್ತಿರ, ಡಾಂಬರಿನ ಕಾವು ನೇರ ಅದಕ್ಕೇ. ಮೇಲೆ ಬಟ್ಟೆ ಹೊದಿಸಿದರೆ ಒಳಗೆ ಇನ್ನೂ ಸೆಕೆ. ಮನೆಯಲ್ಲೇ ಬಿಡಿ.

ತಲೆ ಮತ್ತು ಪಾದ

ಆರು ತಿಂಗಳೊಳಗಿನ ಕೂಸಿಗೆ ಸನ್‌ಸ್ಕ್ರೀನ್ ಹಚ್ಚುವುದಕ್ಕಿಂತ ನೆರಳು ಮತ್ತು ಬಟ್ಟೆಯೇ ಸರಿ. ಅದಕ್ಕೂ ದೊಡ್ಡ ಮಕ್ಕಳಿಗೆ ಎಸ್‌ಪಿಎಫ್ 30 ಅಥವಾ ಹೆಚ್ಚಿನದು, ಜಿಂಕ್ ಆಕ್ಸೈಡ್ ಇರುವುದು, ಎರಡು ತಾಸಿಗೊಮ್ಮೆ. ಟೋಪಿಯ ವಿಷಯದಲ್ಲಿ ನಮ್ಮ ಕುಂಚಿಗೆಯ ಆಕಾರವನ್ನು ಮೀರಿಸಿದ್ದು ಯಾವುದೂ ಇಲ್ಲ: ತಲೆ, ಕಿವಿ, ಕುತ್ತಿಗೆ, ಬೆನ್ನಿನ ಮೇಲ್ಭಾಗ ಎಲ್ಲ ಮುಚ್ಚುತ್ತದೆ, ಕಟ್ಟು ಇರುವುದರಿಂದ ಗಾಳಿಗೆ ಹಾರುವುದಿಲ್ಲ. ತೊಟ್ಟಿಲ ಶಾಸ್ತ್ರಕ್ಕೆ ಹೊಲಿಸಿದ ಖಣದ ಕುಂಚಿಗೆ ಅಸ್ತರ ಹಾಕಿದ್ದು, ಅದು ಪ್ರಯಾಣಕ್ಕಲ್ಲ. ಅದೇ ಅಳತೆಗೆ ತೆಳ್ಳನೆಯ ಬಿಳಿ ಮಲ್ ಬಟ್ಟೆಯಲ್ಲಿ ಅಸ್ತರವಿಲ್ಲದೆ ಎರಡು ಹೊಲಿಸಿಕೊಳ್ಳಿ. ಮುಂದೆ ಮೂರು ಬೆರಳಗಲ ಅಂಚು ಬಿಡಿಸಿದರೆ ಕಣ್ಣಿಗೂ ನೆರಳು.

ಪಾದದ ಕಡೆ ಯಾರೂ ಗಮನ ಕೊಡುವುದಿಲ್ಲ. ಇಟಗಿಯ ಮಹಾದೇವ ದೇವಾಲಯದಂಥ ಕಲ್ಲಿನ ಅಂಗಳದಲ್ಲಿ ಮಧ್ಯಾಹ್ನ ದೊಡ್ಡವರೇ ಓಡಿ ನೆರಳು ಸೇರುತ್ತಾರೆ. ಹೊಸದಾಗಿ ನಡೆಯಲು ಕಲಿತ ಮಗುವಿನ ಅಂಗಾಲಿನ ಚರ್ಮ ತೆಳು, ಓಡಲೂ ಬರುವುದಿಲ್ಲ, ನಿಂತಲ್ಲೇ ಅಳುತ್ತದೆ. ದಪ್ಪನೆಯ ಹತ್ತಿ ಕಾಲುಚೀಲ ಎರಡು ಜೊತೆ ಚೀಲದಲ್ಲಿರಲಿ. ನೈಲಾನಿನದು ಬೇಡ. ಇಳಿಸುವ ಮುನ್ನ ನಿಮ್ಮ ಅಂಗೈಯನ್ನು ಕಲ್ಲಿನ ಮೇಲೆ ಐದು ಎಣಿಸುವವರೆಗೆ ಇಡಿ. ನಿಮಗೆ ಇಡಲಾಗದಿದ್ದರೆ ಮಗುವನ್ನು ಇಳಿಸಬೇಡಿ.

ನೀರು, ಫ್ಲಾಸ್ಕು, ಬಾಟಲಿ

ಮೊದಲು ಒಂದು ಮಾತು. ಆರು ತಿಂಗಳು ತುಂಬದ, ತಾಯಿಹಾಲು ಕುಡಿಯುವ ಕೂಸಿಗೆ ಎಷ್ಟೇ ಬಿಸಿಲಿದ್ದರೂ ನೀರು ಬೇಡ. ಹಾಲಿನಲ್ಲೇ ಬೇಕಾದಷ್ಟು ನೀರಿದೆ, ಹಾಲೂಡುವ ಸಲ ಹೆಚ್ಚಿಸಿದರೆ ಸಾಕು. ಹೆಚ್ಚು ನೀರು ಬೇಕಾದ್ದು ತಾಯಿಗೆ. "ಬಾಯಿ ಒಣಗ್ಯದ, ಒಂದ್ ಚಮಚ ನೀರ್ ಹಾಕವ್ವಾ" ಎಂದು ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ಪ್ರೀತಿಯಿಂದಲೇ ಹೇಳುತ್ತಾರೆ, ಆದರೂ ಬೇಡ.

ಎರಡು ಪಾತ್ರೆ ಸಾಕು: ಬಿಸಿನೀರಿಗೆ ಅರ್ಧ ಲೀಟರಿನ ಸ್ಟೀಲ್ ವ್ಯಾಕ್ಯೂಮ್ ಫ್ಲಾಸ್ಕು, ಕುಡಿಯುವ ನೀರಿಗೆ ಸರಿಯಾಗಿ ಒಂದು ಲೀಟರಿನ ಸ್ಟೀಲ್ ಬಾಟಲಿ. ಒಂದು ಲೀಟರೇ ಏಕೆ ಎಂಬುದು ಓಆರ್‌ಎಸ್, ಅಂದರೆ ಭೇದಿಯಾದಾಗ ನೀರಿಗೆ ಕಲಸಿ ಕುಡಿಸುವ ಉಪ್ಪು, ಗ್ಲೂಕೋಸಿನ ಪುಡಿಯ ಮಾತು ಬಂದಾಗ ತಿಳಿಯುತ್ತದೆ. ಅಂಗಡಿಯಲ್ಲಿ ಒಂದು ಲೀಟರ್ ಎಂದು ಕೊಡುವುದರಲ್ಲಿ ಬಹಳಷ್ಟು 900 ಅಥವಾ 750 ಮಿಲಿಯವು, ತಳದಲ್ಲಿ ಬರೆದದ್ದನ್ನು ಓದಿ.

ಫ್ಲಾಸ್ಕಿನ ಉಪಯೋಗ ಬಿಸಿನೀರು ಇಡುವುದಕ್ಕೆ, ಹಾಲಿಗೋ ಗಂಜಿಗೋ ಅಲ್ಲ. ಇದನ್ನು ಒತ್ತಿ ಹೇಳಬೇಕಾಗಿದೆ, ಏಕೆಂದರೆ ಬೆಳಿಗ್ಗೆ ಕಾಯಿಸಿದ ಹಾಲನ್ನು ಫ್ಲಾಸ್ಕಿಗೆ ಹಾಕಿಕೊಂಡು ಮಧ್ಯಾಹ್ನದವರೆಗೆ ಕುಡಿಸುವ ರೂಢಿ ಎಲ್ಲೆಡೆ ಇದೆ. ಹಾಲು ಬೆಚ್ಚಗಿನ ಹದಕ್ಕೆ ಇಳಿದು ಅಲ್ಲೇ ತಾಸುಗಟ್ಟಲೆ ನಿಲ್ಲುತ್ತದೆ, ಹೆಪ್ಪು ಹಾಕಲು ನಾವು ಹುಡುಕುವ ಹದವೂ ಅದೇ. ರೋಗಾಣುಗಳಿಗೂ ಅದೇ ಹಿತ. ಪುಡಿ ಹಾಲು ಕುಡಿಸುವವರು ಪುಡಿಯನ್ನು ಒಣ ಡಬ್ಬಿಯಲ್ಲಿ ಒಂದೊಂದು ಸಲಕ್ಕೆ ಬೇಕಾದಷ್ಟು ಅಳೆದಿಟ್ಟುಕೊಂಡು, 70 ಡಿಗ್ರಿಗಿಂತ ಕಡಿಮೆಯಾಗದ ಬಿಸಿನೀರಿನಲ್ಲಿ ಆಗಿಂದಾಗ್ಗೆ ಕಲಸಿ, ಬಾಟಲಿಯನ್ನು ತಣ್ಣೀರಲ್ಲಿ ಹಿಡಿದು ಆರಿಸಿ ಕುಡಿಸಬೇಕು. ಪುಡಿ ರೋಗಾಣುರಹಿತವಲ್ಲ, ಆ ಬಿಸಿ ಅದಕ್ಕಾಗಿಯೇ. ಕುಡಿದು ಉಳಿದದ್ದನ್ನು ಚೆಲ್ಲಿ. ರಾಗಿ ಗಂಜಿಯೂ ಹಾಗೆಯೇ: ಹುರಿದ ಹಿಟ್ಟು ಒಯ್ಯಿರಿ, ಗಂಜಿ ಒಯ್ಯಬೇಡಿ.

ಫ್ಲಾಸ್ಕು ತುಂಬುವ ಮೊದಲು ಕುದಿಯುವ ನೀರು ಹಾಕಿ ಐದು ನಿಮಿಷ ಮುಚ್ಚಿಡಿ, ಚೆಲ್ಲಿ, ಆಮೇಲೆ ಕುದಿನೀರು ತುಂಬಿ. ಒಳಗಿನ ಸ್ಟೀಲು ಮೊದಲೇ ಕಾದಿದ್ದರೆ ನೀರು ಎಷ್ಟೋ ಹೆಚ್ಚು ಹೊತ್ತು ಬಿಸಿಯಾಗಿರುತ್ತದೆ. ಮುಚ್ಚಳದ ರಬ್ಬರ್ ವಾಷರನ್ನು ವಾರಕ್ಕೊಮ್ಮೆ ಹಳೆಯ ಪಿನ್ನಿನಿಂದ ಎಬ್ಬಿಸಿ ತೆಗೆದು ತೊಳೆಯಿರಿ. ಅದರ ಅಡಿಯಲ್ಲಿ ಕಪ್ಪು ಲೋಳೆ ಕಟ್ಟುತ್ತದೆ. ವಾಷರ್ ತೆಗೆಯಲು ಬಾರದಂತೆ ಅಂಟಿಸಿದ ಮುಚ್ಚಳದ ಫ್ಲಾಸ್ಕನ್ನು ಕೊಳ್ಳಲೇಬೇಡಿ.

ಮಕ್ಕಳ ಸ್ಟ್ರಾ ಬಾಟಲಿಗಳು ನಮ್ಮ ಬಿಸಿಲಲ್ಲಿ ಒಂದು ಚೇಷ್ಟೆ ಮಾಡುತ್ತವೆ. ಬಾಟಲಿಯೊಳಗೆ ಉಳಿದ ಗಾಳಿ ಕಾದು ಹಿಗ್ಗಿ, ಮುಚ್ಚಳ ತೆಗೆದ ಕೂಡಲೇ ನೀರು ಸ್ಟ್ರಾದಿಂದ ಚಿಮ್ಮುತ್ತದೆ. ದೊಡ್ಡ ಮುಚ್ಚಳವನ್ನು ಅರ್ಧ ಸುತ್ತು ಸಡಿಲಿಸಿ ಗಾಳಿ ಬಿಟ್ಟು ಆಮೇಲೆ ಕೊಟ್ಟರೆ ಆಯಿತು. ಸ್ಟ್ರಾ ಒಳಗೆ ತೂರುವ ಸಣ್ಣ ಬ್ರಷ್ ಇಲ್ಲದೆ ಇವನ್ನು ಶುಚಿ ಮಾಡಲಾಗದು. ಬ್ರಷ್ ಒಯ್ಯುವ ಮನಸ್ಸಿಲ್ಲದಿದ್ದರೆ ಸಣ್ಣ ಸ್ಟೀಲ್ ಲೋಟವೇ ಮೇಲು.

ನೀರು ತುಂಬುವ ಜಾಗ: ಊರೂರಲ್ಲಿ ನಾಣ್ಯ ಹಾಕಿ ನೀರು ಹಿಡಿಯುವ ಶುದ್ಧ ಕುಡಿಯುವ ನೀರಿನ ಘಟಕಗಳಿವೆ. ಈ ಮೂರೂ ಜಿಲ್ಲೆಗಳ ಎಷ್ಟೋ ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇರುವುದರಿಂದ ಅವು ಬಂದವು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪಾಲು ಹೆಚ್ಚುತ್ತದೆ. ಹಾಗೆಂದು ಒಂದೆರಡು ದಿನದ ಪ್ರಯಾಣದಲ್ಲಿ ಹೆದರಬೇಕಾದ್ದು ಫ್ಲೋರೈಡಿಗಲ್ಲ, ಅದು ವರ್ಷಗಟ್ಟಲೆ ಕುಡಿದವರ ಹಲ್ಲು, ಮೂಳೆಗೆ ಕೂರುವಂಥದ್ದು. ಪ್ರಯಾಣದಲ್ಲಿ ಕಾಡುವುದು ಭೇದಿ. ಅದಕ್ಕೆ ಕುದಿಸುವುದೇ ಮದ್ದು: ನೀರು ಕೊತಕೊತ ಕುದಿಯಲು ಶುರುವಾದ ಮೇಲೆ ಒಂದು ನಿಮಿಷ ಪೂರ್ತಿ. ಘಟಕದ ನೀರನ್ನು ಹಿಡಿದು ಹೋಟೆಲಿನಲ್ಲಿ ಕುದಿಸಿಕೊಂಡರೆ ಎರಡೂ ಚಿಂತೆ ಇಲ್ಲ. ಜಾತ್ರೆಯ ಐಸು, ಐಸ್‌ಕ್ಯಾಂಡಿ, ಕೊಯ್ದಿಟ್ಟ ಕಲ್ಲಂಗಡಿ ಸಣ್ಣ ಮಕ್ಕಳಿಗೆ ಬೇಡ. ಎಳನೀರನ್ನು ಕಣ್ಣೆದುರೇ ಕೆತ್ತಿಸಿ ನಿಮ್ಮ ಲೋಟಕ್ಕೆ ಸುರಿಸಿಕೊಳ್ಳಿ.

ಓಆರ್‌ಎಸ್: ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ಮುಖ್ಯ

ಔಷಧ ಅಂಗಡಿಯಲ್ಲಿ ಓಆರ್‌ಎಸ್ ಕೇಳಿದರೆ ಎರಡು ಬಗೆ ಕೈಗೆ ಬರುತ್ತಿದ್ದವು: ಪುಡಿಯ ಪೊಟ್ಟಣ, ಮತ್ತು ಬಣ್ಣದ ಟೆಟ್ರಾ ಪ್ಯಾಕು. ಪೊಟ್ಟಣ ತೆಗೆದುಕೊಳ್ಳಿ. ಅದರ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದು ಬರೆದಿರಬೇಕು. ಅಂಕಿಗಳನ್ನೂ ಓದಿ: ಒಂದು ಲೀಟರಿಗೆ ಸೋಡಿಯಂ ಕ್ಲೋರೈಡ್ 2.6 ಗ್ರಾಂ, ಗ್ಲೂಕೋಸ್ 13.5 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಟ್ರೈಸೋಡಿಯಂ ಸಿಟ್ರೇಟ್ 2.9 ಗ್ರಾಂ. ಒಟ್ಟು 20.5 ಗ್ರಾಂ. ಸಕ್ಕರೆ ಇಷ್ಟೇ ಇರಬೇಕು, ಏಕೆಂದರೆ ಕರುಳಿನಲ್ಲಿ ಗ್ಲೂಕೋಸ್ ಮತ್ತು ಸೋಡಿಯಂ ಜೊತೆಯಾಗಿ ಒಳಹೋಗುತ್ತವೆ, ಅವುಗಳ ಬೆನ್ನಿಗೇ ನೀರು ಹೋಗುತ್ತದೆ. ಸಕ್ಕರೆ ಬಹಳವಾದರೆ ಉಲ್ಟಾ: ಮೈಯ ನೀರನ್ನೇ ಕರುಳಿಗೆ ಎಳೆದು ಭೇದಿ ಹೆಚ್ಚಿಸುತ್ತದೆ. ಪ್ಯಾಕೆಟ್ ಹಣ್ಣಿನ ರಸದಲ್ಲಿ ಲೀಟರಿಗೆ ನೂರು ಗ್ರಾಂ ಆಸುಪಾಸು ಸಕ್ಕರೆ ಇರುತ್ತದೆ. ಸೂತ್ರಕ್ಕೆ ಹೊಂದದ ಪಾನೀಯಗಳ ಮೇಲೆ ಓಆರ್‌ಎಸ್ ಎಂಬ ಹೆಸರು ಹಾಕಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರಿನಲ್ಲಿ ಆದೇಶ ಹೊರಡಿಸಿತು. ಮಕ್ಕಳ ವೈದ್ಯರು ಬಹಳ ಕಾಲದಿಂದ ಕೇಳುತ್ತಿದ್ದದ್ದು ಇದನ್ನೇ.

ಕಲಸುವ ಕ್ರಮದಲ್ಲಿ ಆಗುವ ತಪ್ಪೇ ದೊಡ್ಡದು. ದೊಡ್ಡ ಪೊಟ್ಟಣ ಪೂರ್ತಿ ಒಂದು ಲೀಟರಿಗೆ. ಅರ್ಧ ಪುಡಿ ಅರ್ಧ ಲೀಟರಿಗೆ ಎಂದು ಹಂಚಬೇಡಿ, ಪೊಟ್ಟಣದಲ್ಲಿ ಉಪ್ಪು ಒಂದು ಕಡೆ, ಗ್ಲೂಕೋಸ್ ಒಂದು ಕಡೆ ಕೂತಿರಬಹುದು. ಲೋಟಕ್ಕೆ ಒಂದು ಚಿಟಿಕೆ ಹಾಕಿ ಕೊಡುವುದೂ ತಪ್ಪು. ನೀರು ಕಡಿಮೆಯಾಗಿ ಉಪ್ಪು ಹೆಚ್ಚಾದರೆ ಸಣ್ಣ ಮಗುವಿಗೆ ಅದು ಅಪಾಯ. ಸರಿಯಾದ ಒಂದು ಲೀಟರಿನ ಬಾಟಲಿ ಬೇಕಾಗಿರುವುದು ಇದಕ್ಕೇ. ಲೋಟದ ಅಳತೆ ಬೇಕೆನ್ನುವವರಿಗೆ 200 ಮಿಲಿ ನೀರಿಗೆ ಕಲಸುವ ಸಣ್ಣ ಪೊಟ್ಟಣಗಳೂ ಸಿಗುತ್ತವೆ, ಪ್ರಯಾಣಕ್ಕೆ ಅವೇ ಹೆಚ್ಚು ಅನುಕೂಲ. ಹಾಲು, ಸಕ್ಕರೆ, ಸೋಡಾ ಯಾವುದನ್ನೂ ಬೆರೆಸಬೇಡಿ. ಕಲಸಿದ ಮೇಲೆ ಕುದಿಸಬೇಡಿ. 24 ತಾಸು ಕಳೆದದ್ದನ್ನು ಚೆಲ್ಲಿ.

ಕೊಡುವ ಅಳತೆ: ಪ್ರತಿ ಸಲ ನೀರಾಗಿ ಭೇದಿಯಾದಾಗ ಎರಡು ವರ್ಷದೊಳಗಿನ ಮಗುವಿಗೆ 50ರಿಂದ 100 ಮಿಲಿ, ಅದಕ್ಕೂ ದೊಡ್ಡ ಮಗುವಿಗೆ 100ರಿಂದ 200 ಮಿಲಿ. ಒಮ್ಮೆಲೇ ಕುಡಿಸಿದರೆ ವಾಂತಿ ಮಾಡಿಕೊಳ್ಳುತ್ತದೆ. ಚಮಚದಲ್ಲಿ, ಒಂದೆರಡು ನಿಮಿಷಕ್ಕೊಂದರಂತೆ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಇನ್ನೂ ನಿಧಾನವಾಗಿ ಮತ್ತೆ ಶುರು. ತಾಯಿಹಾಲು, ಊಟ ನಿಲ್ಲಿಸಬೇಡಿ. ಜೊತೆಗೆ ಸತುವಿನ, ಅಂದರೆ ಜಿಂಕ್ ಮಾತ್ರೆಯನ್ನು ವೈದ್ಯರು 14 ದಿನಕ್ಕೆ ಬರೆಯುತ್ತಾರೆ: ಆರು ತಿಂಗಳೊಳಗೆ ದಿನಕ್ಕೆ 10 ಮಿಲಿಗ್ರಾಂ, ಮೇಲ್ಪಟ್ಟು 20. ಭೇದಿ ಎರಡೇ ದಿನದಲ್ಲಿ ನಿಂತರೂ ಮಾತ್ರೆ ಪೂರ್ತಿ ಮುಗಿಸಬೇಕು.

ಆರು ತಾಸು ಮೂತ್ರ ಮಾಡಿಲ್ಲ, ಅತ್ತರೂ ಕಣ್ಣೀರಿಲ್ಲ, ನೆತ್ತಿ ಗುಳಿಬಿದ್ದಿದೆ, ಕಣ್ಣು ಒಳಹೋಗಿದೆ, ಮಲದಲ್ಲಿ ರಕ್ತವಿದೆ, ಎಬ್ಬಿಸಿದರೂ ಮಂಕಾಗಿದೆ ಎಂದರೆ ಚಮಚ ಹಿಡಿದು ಕೂರುವ ಹೊತ್ತಲ್ಲ ಅದು. 108ಕ್ಕೆ ಕರೆ ಮಾಡಿ, ದಾರಿಯುದ್ದಕ್ಕೂ ಓಆರ್‌ಎಸ್ ಕೊಡುತ್ತಲೇ ಹೋಗಿ. ಪ್ರಜ್ಞೆ ಮಸುಕಾಗಿದ್ದರೆ ಬಾಯಿಗೆ ಏನೂ ಹಾಕಬೇಡಿ.

ಫ್ಯಾನಿಗಿಂತ ಒದ್ದೆ ಬಟ್ಟೆ

ಕುತ್ತಿಗೆಗೆ ನೇತುಹಾಕುವ, ಕೈಯಲ್ಲಿ ಹಿಡಿಯುವ ಚಾರ್ಜಿಂಗ್ ಫ್ಯಾನುಗಳು ಈಗ ಎಲ್ಲ ಕಡೆ. ಸುತ್ತಲಿನ ಗಾಳಿಯೇ 40 ಡಿಗ್ರಿ ಇರುವಾಗ ಫ್ಯಾನು ಮೈಗಿಂತ ಬಿಸಿಯಾದ ಗಾಳಿಯನ್ನೇ ಮುಖಕ್ಕೆ ಊದುತ್ತದೆ. ಅದೇ ಫ್ಯಾನಿನ ಮುಂದೆ ಮಗುವಿನ ಕೈಕಾಲು, ಕುತ್ತಿಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ ನೋಡಿ, ಕೆಲಸ ಮಾಡುತ್ತದೆ. ನಮ್ಮ ಬೇಸಿಗೆಯ ಗಾಳಿ ಒಣ, ನೀರು ಬೇಗ ಆವಿಯಾಗುತ್ತದೆ, ಆವಿಯಾಗುವಾಗ ಕಾವನ್ನು ಹೊತ್ತೊಯ್ಯುತ್ತದೆ. ಮಂಗಳೂರು ಕಡೆಯ ತೇವದ ಸೆಕೆಯಲ್ಲಿ ಈ ಉಪಾಯ ಅಷ್ಟಕ್ಕಷ್ಟೇ. ಹಾಗಾಗಿ ತೆಳ್ಳನೆಯ ಹತ್ತಿ ಟವೆಲ್ ಎರಡು, ಸ್ಪ್ರೇ ಬಾಟಲಿ ಒಂದು ಇದ್ದರೆ ದುಬಾರಿ ಫ್ಯಾನು ಬೇಕಿಲ್ಲ. ಬಟ್ಟೆ ಹಿಂಡಿರಬೇಕು, ತೊಟ್ಟಿಕ್ಕಬಾರದು, ಮಗುವಿಗೆ ಸುತ್ತಿಟ್ಟು ಬಿಡಬಾರದು. ಬೆವರುಸಾಲೆಗೆ ಪೌಡರ್ ಸುರಿಯುವುದು ಬಿಡಿ. ಬೆವರಿಗೆ ಕಲಸಿ ಹಿಟ್ಟಾಗಿ ಮಡಿಕೆಗಳಲ್ಲಿ ಕೂರುತ್ತದೆ, ಹಾರಿದ್ದು ಕೂಸಿನ ಉಸಿರಿಗೆ ಹೋಗುತ್ತದೆ.

ಡೈಪರಿನದೂ ಇದೇ ಗಾಳಿಯ ಪ್ರಶ್ನೆ. ಹನ್ನೆರಡು ತಾಸು ತಡೆಯುತ್ತದೆ ಎಂದು ಪ್ಯಾಕಿನ ಮೇಲೆ ಬರೆದಿದ್ದರೂ ಬೇಸಿಗೆಯ ಬಸ್ಸಿನಲ್ಲಿ ಮೂರು ತಾಸಿಗೊಮ್ಮೆ ಬದಲಿಸಬೇಕು. ಪ್ರಯಾಣದ ತಾಸುಗಳನ್ನು ಮೂರರಿಂದ ಭಾಗಿಸಿ, ಎರಡು ಸೇರಿಸಿ, ಅಷ್ಟು ಡೈಪರ್ ಒಯ್ಯಿರಿ. ಬದಲಿಸುವಾಗ ಹತ್ತು ನಿಮಿಷ ಬರೀ ಮೈಯಲ್ಲಿ ಬಿಟ್ಟು ಆಮೇಲೆ ಜಿಂಕ್ ಆಕ್ಸೈಡ್ ಕ್ರೀಮು. ಎಲ್ಲಾದರೂ ಇಳಿದುಕೊಂಡ ಮೇಲೆ ಹತ್ತಿ ಲಂಗೋಟಿಯೇ ಸರಿ. ತೆಳ್ಳಗಿನದು ನಮ್ಮ ಬಿಸಿಲಿಗೆ ನೋಡುತ್ತಿದ್ದಂತೆ ಒಣಗುತ್ತದೆ, ಮೈಕ್ರೋಫೈಬರ್ ಪ್ಯಾಡಿನ ಬಟ್ಟೆ ಡೈಪರು ಅಷ್ಟು ಬೇಗ ಒಣಗದು. ಬಳಸಿದ್ದಕ್ಕೆ ಬಿಗಿ ಗಂಟು ಹಾಕುವ ಚೀಲ ಇರಲಿ. ರೈಲಿನ ಕಕ್ಕಸಿಗೆ ಹಾಕಿದರೆ ಅದು ಕಟ್ಟಿಕೊಳ್ಳುತ್ತದೆ.

ಛತ್ರಿ ಮಾದರಿಯ ಸೊಳ್ಳೆ ಪರದೆ

ಗಂಗಾವತಿ, ಸಿಂಧನೂರು, ಸಿರುಗುಪ್ಪದ ಗದ್ದೆ ಬಯಲಿನಲ್ಲಿ ರಾತ್ರಿ ತಂಗುವವರಿಗೆ ಇದು ಬೇಕೇ ಬೇಕು. ಗದ್ದೆಯ ನೀರಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆ ಮುಸ್ಸಂಜೆಯಿಂದ ಕಚ್ಚುತ್ತದೆ. ಜಪಾನೀಸ್ ಮೆದುಳು ಜ್ವರ ಹರಡುವುದು ಅದೇ. ಅದರ ಲಸಿಕೆಯನ್ನು ನಮ್ಮ ಜಿಲ್ಲೆಗಳಲ್ಲಿ 9 ತಿಂಗಳು ತುಂಬಿದ ಮೇಲೆ ಒಂದು, 16ರಿಂದ 24 ತಿಂಗಳೊಳಗೆ ಇನ್ನೊಂದು ಹಾಕುತ್ತಾರೆ. ತಾಯಿ ಕಾರ್ಡು ನೋಡಿಕೊಂಡು ಹೊರಡಿ. ಡೆಂಗಿಯ ಈಡಿಸ್ ಸೊಳ್ಳೆ ಹಗಲಿನದು, ಆದ್ದರಿಂದ ಪರದೆ ಹಗಲು ನಿದ್ದೆಗೂ ಬೇಕು.

ತಳವಿಲ್ಲದ ಪರದೆ ತೊಟ್ಟಿಲಿಗೆ ಸರಿ, ಹಾಸಿಗೆಗೆ ಅಲ್ಲ. ಕೂಸು ಕಾಲು ಒದ್ದರೆ ಅಂಚು ಎದ್ದು ಸೊಳ್ಳೆ ಒಳಗೆ. ತಳ ಹೊಲಿದಿರುವ, ಪಕ್ಕದಲ್ಲಿ ಜಿಪ್ಪಿರುವುದನ್ನು ಆರಿಸಿ. ಚದರ ಇಂಚಿಗೆ 156 ತೂತು ಎಂಬುದು ಸೊಳ್ಳೆ ಪರದೆಯ ರೂಢಿಯ ಅಳತೆ. ಅದಕ್ಕಿಂತ ಬಹಳ ಒತ್ತಾಗಿದ್ದರೆ ಗಾಳಿ ಆಡದು. ಪರದೆಯೊಳಗೆ ಗಾಳಿ ಹೇಗೂ ಕಡಿಮೆ, ಮೇಲಿನ ಫ್ಯಾನಿನ ಬದಲು ಪಕ್ಕದಿಂದ ಬೀಸುವ ಟೇಬಲ್ ಫ್ಯಾನು ಇಡಿ. ಅಗಲ ಸಾಲದೆ ಕೈ ಜಾಲರಿಗೆ ತಾಗಿದರೆ ಹೊರಗಿನಿಂದಲೇ ಕಚ್ಚುತ್ತದೆ, ವರ್ಷ ದಾಟಿದ ಮಗುವಿಗೆ ದೊಡ್ಡ ಅಳತೆಯದೇ ಬೇಕು. ಮೈಗೆ ಹಚ್ಚುವ ಸೊಳ್ಳೆ ಕ್ರೀಮುಗಳ ಮೇಲೆ ಯಾವ ವಯಸ್ಸಿನಿಂದ ಎಂದು ಬರೆದಿರುತ್ತದೆ, ಅದನ್ನು ಮೀರಬೇಡಿ, ಬಾಯಿಗೆ ಹೋಗುವ ಅಂಗೈಗಂತೂ ಹಚ್ಚಲೇಬೇಡಿ.

ಬೈಕಿನ ಬೆಲ್ಟು, ಕಾರಿನ ಸೀಟು

9 ತಿಂಗಳಿನಿಂದ 4 ವರ್ಷದವರೆಗಿನ ಮಗುವನ್ನು ಬೈಕಿನಲ್ಲಿ ಒಯ್ಯುವಾಗ ಸುರಕ್ಷತಾ ಬೆಲ್ಟು, ಹೆಲ್ಮೆಟ್ಟು, ಗಂಟೆಗೆ 40 ಕಿಲೋಮೀಟರ್ ಮೀರದ ವೇಗ ಎಂಬುದು 2022ರಲ್ಲಿ ಹೊರಡಿಸಿ 2023ರ ಫೆಬ್ರುವರಿಯಿಂದ ಜಾರಿಗೆ ಬಂದ ಕೇಂದ್ರದ ನಿಯಮ. ಬೆಲ್ಟು 30 ಕಿಲೋ ತಡೆಯುವಂತಿರಬೇಕು. ಮಗು ಅಂಗಿಯ ಹಾಗೆ ತೊಡುವ ಭಾಗದಿಂದ ಎರಡು ಪಟ್ಟಿ ಬಂದು ಓಡಿಸುವವರ ಹೆಗಲಿಗೆ ಕೂರುವುದೇ ಸರಿಯಾದ ಮಾದರಿ. ಬರೀ ಸೊಂಟಕ್ಕೊಂದು ಪಟ್ಟಿ ಸುತ್ತುವ ಅಗ್ಗದ್ದರಲ್ಲಿ ನಿದ್ದೆ ಬಂದ ಮಗು ಪಕ್ಕಕ್ಕೆ ವಾಲಿ ಜಾರುತ್ತದೆ. ಮಗು ನಿದ್ದೆ ಹೋದರೆ ಯಾವ ಬೆಲ್ಟಿದ್ದರೂ ಬೈಕು ನಿಲ್ಲಿಸಿ. ಟ್ಯಾಂಕಿನ ಮೇಲೆ ಕೂರಿಸುವುದು ಬೇಡ: ಕಾದ ಲೋಹ, ಎದುರು ಗಾಳಿ, ದೂಳು, ಬ್ರೇಕು ಹಾಕಿದರೆ ಹ್ಯಾಂಡಲಿಗೆ ಎದೆ. ಇಳಿಸುವಾಗ ಸೈಲೆನ್ಸರ್ ಇಲ್ಲದ ಬದಿಯಿಂದಲೇ ಇಳಿಸಿ.

ಸ್ವಂತ ಕಾರಿದ್ದವರು ಎಐಎಸ್ 072 ಅಥವಾ ಇಸಿಇ ಆರ್44 ಎಂಬ ಸುರಕ್ಷತಾ ಮಾನದಂಡದ ಗುರುತಿನ ಚೀಟಿ ಇರುವ ಮಕ್ಕಳ ಸೀಟನ್ನೇ ಕೊಳ್ಳಲಿ. ಸಣ್ಣ ಕೂಸಿಗೆ ಹಿಂದಕ್ಕೆ ಮುಖ ಮಾಡಿ, ಹಿಂದಿನ ಸೀಟಿನಲ್ಲಿ. ಮುಂದೆ ಏರ್‌ಬ್ಯಾಗ್ ಇರುವ ಕಡೆ ಹಾಗೆ ಕೂರಿಸಿದರೆ ಬ್ಯಾಗು ಉಬ್ಬಿ ಸೀಟಿಗೇ ಬಡಿಯುತ್ತದೆ. ಕಾರು ನಿಂತಾಗ ಸೀಟಿನ ಮೇಲೆ ಬಿಳಿ ಟವೆಲ್ ಹೊದಿಸಿಡಿ, ಕೂರಿಸುವ ಮುನ್ನ ಬಕಲಿನ ಲೋಹ ಮುಟ್ಟಿ ನೋಡಿ. ನಿಂತ ಕಾರಿನೊಳಗೆ ಹತ್ತೇ ನಿಮಿಷದಲ್ಲಿ ಹತ್ತು ಡಿಗ್ರಿಯಷ್ಟು ಕಾವು ಏರುತ್ತದೆ, ಗಾಜು ನಾಲ್ಕು ಬೆರಳು ಇಳಿಸಿದ್ದರೂ ಹೆಚ್ಚು ವ್ಯತ್ಯಾಸವಿಲ್ಲ. ಮಗುವನ್ನು ಒಳಗೆ ಬಿಟ್ಟು ನೀರಿನ ಬಾಟಲಿ ತರಲೂ ಇಳಿಯಬಾರದು. ಕ್ರೂಸರಿನ ಹಿಂದಿನ ಅಡ್ಡ ಬೆಂಚಿನಲ್ಲಿ ಸೀಟು ಕಟ್ಟಲು ಬರುವುದಿಲ್ಲ, ಮಗುವಿದ್ದವರು ನಡುಸಾಲು ಕೇಳಿ ಪಡೆಯಿರಿ.

ಆಯ್ಕೆ ಇದ್ದರೆ ರೈಲೇ ಮೇಲು. ಹಂಪಿ ಎಕ್ಸ್‌ಪ್ರೆಸ್ ಬಳ್ಳಾರಿ, ಹೊಸಪೇಟೆ, ಕೊಪ್ಪಳಗಳನ್ನು ಬೆಂಗಳೂರಿಗೆ ರಾತ್ರಿ ಹೊತ್ತಿನಲ್ಲೇ ಜೋಡಿಸುತ್ತದೆ, ಬಿಸಿಲ ಕಾಟವಿಲ್ಲ, ಎದ್ದು ಓಡಾಡಲು ಜಾಗ ಇದೆ. 5 ವರ್ಷದೊಳಗಿನ ಮಗುವಿಗೆ ಬೇರೆ ಬರ್ತ್ ಬೇಡವಾದರೆ ಟಿಕೆಟಿಲ್ಲ. 5ರಿಂದ 12ರೊಳಗಿನವರಿಗೆ ಬರ್ತ್ ಬೇಡವೆಂದರೆ ಅರ್ಧ, ಬೇಕೆಂದರೆ ಪೂರ್ತಿ. ಕೆಳಗಿನ ಬರ್ತ್ ಹಿಡಿದು ಮಗುವನ್ನು ಗೋಡೆ ಬದಿಗೆ ಮಲಗಿಸಿ.

ಕೊಂಡ ಮೇಲೆ, ಹಿಂತಿರುಗಿಸುವ ಗಡುವಿನೊಳಗೆ

ಕ್ಯಾರಿಯರಿನಲ್ಲಿ ಎಂಟು ಕಿಲೋ ಅಕ್ಕಿ ಚೀಲ ಹಾಕಿ, ಫ್ಯಾನು ಆರಿಸಿ, ಮನೆಯಲ್ಲೇ ಅರ್ಧ ತಾಸು ಓಡಾಡಿ. ಪಟ್ಟಿ ಎಷ್ಟು ಜಾರಿದೆ ನೋಡಲು ಬಕಲಿನ ಬಳಿ ಮೊದಲೇ ಪೆನ್ಸಿಲಿನ ಗೆರೆ ಎಳೆದಿರಿ. ಒಂದು ಬೆರಳಗಲಕ್ಕಿಂತ ಹೆಚ್ಚು ಜಾರಿದ್ದರೆ ವಾಪಸ್ ಕಳಿಸಿ. ಫ್ಲಾಸ್ಕಿಗೆ ರಾತ್ರಿ ಕುದಿನೀರು ತುಂಬಿಟ್ಟು ಬೆಳಿಗ್ಗೆ ಹೊರಮೈ ಮುಟ್ಟಿ. ಎಲ್ಲಾದರೂ ಒಂದು ಕಡೆ ಬೆಚ್ಚಗಿದ್ದರೆ ಅಲ್ಲಿ ವ್ಯಾಕ್ಯೂಮ್ ಸೋರಿದೆ. ಸ್ಪ್ರಿಂಗ್ ತಂತಿಯ ಸೊಳ್ಳೆ ಪರದೆಯಾದರೆ ಎಂಟರ ಆಕಾರಕ್ಕೆ ತಿರುಚಿ ಎರಡು ಉಂಗುರವಾಗಿ ಮಡಚುವುದನ್ನು ಮನೆಯಲ್ಲೇ ರೂಢಿ ಮಾಡಿಕೊಳ್ಳಿ, ಬಲವಂತವಾಗಿ ಮಡಚಿದರೆ ಸ್ಪ್ರಿಂಗ್ ತಂತಿ ಬಟ್ಟೆ ಹರಿದು ಹೊರಬರುತ್ತದೆ. ಬೈಕಿನ ಬೆಲ್ಟಿನ ಬಕಲನ್ನು ಮಗುವಿನ ಕೈಗೇ ಆಡಲು ಕೊಟ್ಟು ನೋಡಿ. ಅದು ಬಿಚ್ಚಿಬಿಟ್ಟರೆ ಆ ಬೆಲ್ಟು ಬೇಡ.